ಗಾಳಿ, ನೀರು, ಮನೆ

ನೀವು ಈಗ ಕುಳಿತಿರುವ ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿರಿ. ರೇಡಿಯೋ ಇಟ್ಟಿರುವ ಮೇಜು ಅಲ್ಲಿಗೆ ಹೇಗೆ ಬಂತು? ಪ್ಲಗ್ಗು ಆ ಗೋಡೆಯಲ್ಲಿತ್ತು, ಅದಕ್ಕೆ ಬಂತು. ಮಂಚ ಆ ಮೂಲೆಗೆ ಏಕೆ ಹೋಯಿತು? ಬೇರೆಲ್ಲೂ ಹಿಡಿಸಲಿಲ್ಲ, ಅದಕ್ಕೆ ಹೋಯಿತು. ನಮ್ಮಲ್ಲಿ ಬಹುಮಂದಿಯ ಮನೆ ಕೂಡಿಕೊಂಡಿರುವುದು ಹೀಗೆಯೇ. ಆಮೇಲೆ ಒಂದು ದಿನ, ಮನೆಯಲ್ಲಿ ಯಾರಿಗೋ ಮೈ ಸರಿಯಿಲ್ಲವೆಂದೋ, ಮಗನಿಗೆ ಕೆಲಸ ಸಿಕ್ಕಲಿಲ್ಲವೆಂದೋ ಚಿಂತೆ ಹತ್ತಿದಾಗ, ಬಂದ ನೆಂಟರೊಬ್ಬರು ತಲೆಯೆತ್ತಿ ತೊಲೆಯನ್ನೂ ತಲೆತಗ್ಗಿಸಿ ಹೊಸಲನ್ನೂ ನೋಡಿ, "ಈ ಮನೆಯಲ್ಲೇ ಏನೋ ದೋಷವಿದೆ" ಎನ್ನುತ್ತಾರೆ. ಅಲ್ಲಿಂದ ಆರಂಭ.

ಹಿಂದೆ ಆ ನೆಂಟರು ವಾಸ್ತುವಿನ ಹೆಸರನ್ನು ಮಾತ್ರ ಹೇಳುತ್ತಿದ್ದರು. ಈಚಿನ ದಶಕಗಳಲ್ಲಿ ಅದರ ಜೊತೆಗೆ ಚೀನಾದ ಹೆಸರೂ ಸೇರಿಕೊಂಡಿದೆ. ನಮ್ಮ ಪಟ್ಟಣಗಳ ಉಡುಗೊರೆ ಅಂಗಡಿಗಳಲ್ಲಿ ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ, ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ, ನೀರಿನ ಲೋಟದಲ್ಲಿ ನಿಂತ ಬಿದಿರು ಕಡ್ಡಿ, ಕಿಣಿಕಿಣಿ ಎನ್ನುವ ಗಾಳಿಗಂಟೆ, ಇವನ್ನೆಲ್ಲ ಸಾಲಾಗಿ ಜೋಡಿಸಿ, ಮೇಲೆ 'ಫೆಂಗ್ ಶುಯಿ' ಎಂದು ಬರೆದಿರುತ್ತಾರೆ. ಕೊಂಡು ತಂದವರನ್ನು ನಾನು ಹಾಸ್ಯ ಮಾಡುವುದಿಲ್ಲ. ಕಷ್ಟದಲ್ಲಿರುವ ಮನುಷ್ಯ ಕೈಗೆ ಸಿಕ್ಕಿದ ಕಡ್ಡಿಯನ್ನು ಹಿಡಿಯುತ್ತಾನೆ. ಆದರೆ ಈ ಸಾಮಾನುಗಳಿಗೂ ಚೀನೀಯರ ಹಳೆಯ ಶಾಸ್ತ್ರಕ್ಕೂ ಇರುವ ಸಂಬಂಧ ಬಹಳ ತೆಳುವಾದದ್ದು. ಆ ಶಾಸ್ತ್ರ ನಿಜವಾಗಿ ಏನನ್ನು ನೋಡುತ್ತಿತ್ತು, ಈಗಿನ ಮನೆಯಲ್ಲಿ ಅದರಿಂದ ಏನು ಉಪಯೋಗ, ಏನು ಅಪಾಯ ಎಂಬುದನ್ನು ಇಂದು ನಿಮ್ಮೊಡನೆ ಸ್ವಲ್ಪ ಮಾತನಾಡಬೇಕೆಂದಿದ್ದೇನೆ.

ಹೆಸರಿನಿಂದಲೇ ಆರಂಭಿಸೋಣ. 'ಫಂಗ್' ಎಂದರೆ ಗಾಳಿ, 'ಶ್ವೇ' ಎಂದರೆ ನೀರು. ಅಷ್ಟೇ. ಇದರಲ್ಲಿ ಅದೃಷ್ಟವೆಂಬ ಮಾತೂ ಇಲ್ಲ, ಹಣವೆಂಬ ಮಾತೂ ಇಲ್ಲ. ಜಗತ್ತಿನಲ್ಲೆಲ್ಲ 'ಛೀ' ಎಂಬ ಒಂದು ಉಸಿರು ಹರಿದಾಡುತ್ತಿದೆ ಎಂದು ಚೀನೀಯರು ನಂಬಿದ್ದರು. ನಮ್ಮ 'ಪ್ರಾಣ' ಎಂಬ ಮಾತು ಅದಕ್ಕೆ ತಕ್ಕಮಟ್ಟಿಗೆ ಹತ್ತಿರ. ಬಿರುಗಾಳಿ ಬೀಸಿದರೆ ಆ ಉಸಿರು ಚದುರಿಹೋಗುತ್ತದೆ, ನೀರು ಅಡ್ಡವಾದರೆ ಅಲ್ಲಿ ನಿಂತು ಕೂಡಿಕೊಳ್ಳುತ್ತದೆ. ಆದ್ದರಿಂದ ಗಾಳಿಯಿಂದ ಮರೆಯಾಗಿ ನೀರಿಗೆ ಹತ್ತಿರವಾಗಿರುವ ಜಾಗವೇ ಒಳ್ಳೆಯದು ಎಂಬುದು ಮೂಲ ತತ್ತ್ವ. ಇದನ್ನು ಹೇಳುವ ಹಳೆಯ ಗ್ರಂಥವನ್ನು ಕ್ರಿಸ್ತಶಕ 276ರಿಂದ 324ರವರೆಗೆ ಬದುಕಿದ್ದ ಗುವೊ ಪು ಎಂಬ ಪಂಡಿತನ ಹೆಸರಿಗೆ ಹೇಳುವ ವಾಡಿಕೆ ಇದೆ.

ಸೋಜಿಗವೆಂದರೆ, ಆ ಗ್ರಂಥ ಮನೆ ಕಟ್ಟುವುದನ್ನು ಕುರಿತದ್ದೇ ಅಲ್ಲ. ಅದು ಸಮಾಧಿಯನ್ನು ಕುರಿತ ಗ್ರಂಥ. ಹಿರಿಯರ ಅಸ್ಥಿಯನ್ನು ಒಳ್ಳೆಯ ನೆಲದಲ್ಲಿ ಇಟ್ಟರೆ ಮಕ್ಕಳು ಮೊಮ್ಮಕ್ಕಳಿಗೆ ಒಳಿತಾಗುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ ವಿಚಾರ. ಸತ್ತವರ ಮನೆ 'ಯಿನ್' ಮನೆ, ಬದುಕಿದವರ ಮನೆ 'ಯಾಂಗ್' ಮನೆ; ಎರಡಕ್ಕೂ ನೆಲವನ್ನು ನೋಡುವ ಕಣ್ಣು ಒಂದೇ. ಕುಟುಂಬದ ಏಳುಬೀಳನ್ನು ನೆಲಕ್ಕೆ ಕಟ್ಟಿಹಾಕಿದ ಈ ನಂಬಿಕೆ ಅಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿತ್ತೆಂಬುದು ಇದರಿಂದ ಊಹೆಗೆ ಬರುತ್ತದೆ.

ಇನ್ನು ಬದುಕಿದವರ ಮನೆಗೆ ಬರೋಣ. ಬೀಜಿಂಗ್ ನಗರದ, ಹಿಂದೆ ನಾವು ಪೀಕಿಂಗ್ ಎನ್ನುತ್ತಿದ್ದ ಆ ನಗರದ, ಹಳೆಯ ಬೀದಿಯೊಂದರಲ್ಲಿ ನಡೆಯುತ್ತಿದ್ದೀರೆಂದು ಭಾವಿಸಿರಿ. ಬೀದಿಯ ಕಡೆಗೆ ಬರಿಯ ಬೂದುಬಣ್ಣದ ಗೋಡೆ. ಮನೆ ಬೀದಿಯ ಉತ್ತರಕ್ಕಿದ್ದರೆ, ಅದರ ಆಗ್ನೇಯ ಮೂಲೆಯಲ್ಲಿ ಬಾಗಿಲು. ಒಳಗೆ ಕಾಲಿಟ್ಟರೆ ಎದುರಿಗೆ ಮತ್ತೊಂದು ಅಡ್ಡಗೋಡೆ. ಅದನ್ನು ಬಳಸಿಕೊಂಡು ಒಳಗೆ ಹೋದರೆ ನಡುವೆ ತೆರೆದ ಅಂಗಳ, ನಾಲ್ಕು ಕಡೆಗೂ ಕೋಣೆಗಳು. ನಮ್ಮ ತೊಟ್ಟಿಮನೆಯನ್ನು ಕಂಡವರಿಗೆ ಇದೇನೂ ಹೊಸದಲ್ಲ. ಉತ್ತರದ ಕಡೆಗಿರುವ, ದಕ್ಷಿಣಕ್ಕೆ ಮುಖ ಮಾಡಿದ ದೊಡ್ಡ ಕೋಣೆಯಲ್ಲಿ ಮನೆಯ ಹಿರಿಯರು. ಪೂರ್ವದ ಪಕ್ಕದಲ್ಲಿ ಹಿರಿಯ ಮಗನ ಸಂಸಾರ, ಪಶ್ಚಿಮದಲ್ಲಿ ಕಿರಿಯವನದು. ಬೀದಿಗೆ ಬೆನ್ನುಕೊಟ್ಟು ಉತ್ತರಕ್ಕೆ ತೆರೆದುಕೊಳ್ಳುವ ಸಾಲಿನಲ್ಲಿ ಆಳುಕಾಳುಗಳು, ಬಂದುಹೋಗುವವರು.

ಈ ವ್ಯವಸ್ಥೆಗೆ ಶಾಸ್ತ್ರ ಹೇಳುವ ಹೆಸರುಗಳು ಬಲು ಸುಂದರವಾದವು. ಬೆನ್ನಿಗೆ ಉತ್ತರದಲ್ಲಿ ಕಪ್ಪು ಆಮೆ, ಎಂದರೆ ಬೆಟ್ಟ; ಪೂರ್ವಕ್ಕೆ ನೀಲಹಸಿರಿನ ಡ್ರ್ಯಾಗನ್; ಪಶ್ಚಿಮಕ್ಕೆ ಬಿಳಿಯ ಹುಲಿ; ಎದುರಿಗೆ ದಕ್ಷಿಣದಲ್ಲಿ ಕೆಂಪು ಹಕ್ಕಿ, ತೆರೆದ ಬಯಲು, ಅದರಾಚೆ ನೀರು. ಕೈಯುಳ್ಳ ಕುರ್ಚಿಯಲ್ಲಿ ಒರಗಿ ಕುಳಿತವನ ಹಾಗೆ ಮನೆ ಕುಳಿತಿರಬೇಕು. ಈಗ ಆಮೆ, ಹುಲಿಗಳನ್ನು ಕ್ಷಣಕಾಲ ಬದಿಗಿಟ್ಟು ಭೂಪಟವನ್ನು ತೆರೆಯಿರಿ. ಬೀಜಿಂಗ್ ಇರುವುದು ಹೆಚ್ಚುಕಡಿಮೆ 40ನೆಯ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಮೂಳೆ ಕೊರೆಯುವ ಗಾಳಿ ವಾಯವ್ಯದಿಂದ ಬೀಸುತ್ತದೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 27 ಡಿಗ್ರಿ ಮಾತ್ರ ಮೇಲಕ್ಕೇರುತ್ತಾನೆ. ಹೀಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳಗೋಡೆಯ ತನಕ ಬಂದು ಬೀಳುತ್ತದೆ. ಜೂನ್ ತಿಂಗಳಲ್ಲಿ ಅದೇ ಸೂರ್ಯ 73 ಡಿಗ್ರಿಯಷ್ಟು ಮೇಲಿರುತ್ತಾನೆ. ಆಗ ಮುಂಚಾಚಿದ ಸೂರು ಬಿಸಿಲನ್ನು ಹೊರಗೇ ತಡೆಯುತ್ತದೆ. ಹಿರಿಯರ ಕೋಣೆ ಚಳಿಗಾಲಕ್ಕೆ ಬೆಚ್ಚಗೆ, ಬೇಸಗೆಗೆ ತಂಪು. ಆಳುಗಳ ಸಾಲಿಗೆ ಆ ಬಿಸಿಲಿಲ್ಲ. ವರ್ಷವೆಲ್ಲ ನೆರಳು, ಥಂಡಿ. ಯಾರಿಗೆ ಯಾವ ಉಸಿರು ಸಲ್ಲಬೇಕೆಂಬುದನ್ನು ನಿಶ್ಚಯಿಸಿದವರು ಯಾರೆಂಬುದನ್ನೂ ಇಲ್ಲಿ ಗಮನಿಸಬೇಕು.

ದಿಕ್ಕು ನೋಡಲು ಬಳಸುತ್ತಿದ್ದ ಫಲಕಕ್ಕೆ 'ಲೋಪಾನ್' ಎಂದು ಹೆಸರು. ನಡುವೆ ಒಂದು ಪುಟ್ಟ ಅಯಸ್ಕಾಂತದ ಸೂಜಿ, ಸುತ್ತಲೂ ವೃತ್ತದೊಳಗೆ ವೃತ್ತ. ಒಂದರಲ್ಲಿ ದಿಕ್ಕನ್ನು 24 ಪಾಲು ಮಾಡಿ ಅವನ್ನು '24 ಪರ್ವತ'ಗಳೆಂದು ಕರೆದಿರುತ್ತಾರೆ. ನಾವು ಉತ್ತರಮುಖಿ ಎನ್ನುವ ಸೂಜಿಯನ್ನು ಅವರು ದಕ್ಷಿಣ ತೋರಿಸುವ ಸೂಜಿ ಎನ್ನುತ್ತಾರೆ. ಸುಮಾರು 1088ರಲ್ಲಿ ಶೆನ್ ಕುವೊ ಎಂಬ ವಿದ್ವಾಂಸ, ಈ ಸೂಜಿ ಸರಿಯಾಗಿ ದಕ್ಷಿಣಕ್ಕೆ ನಿಲ್ಲದೆ ಸ್ವಲ್ಪ ಪೂರ್ವಕ್ಕೆ ವಾಲುತ್ತದೆ ಎಂದು ಬರೆದಿಟ್ಟಿದ್ದಾನೆ. ಚೀನಾದ ವಿಜ್ಞಾನದ ಚರಿತ್ರೆಯನ್ನು ಬರೆದ ಜೋಸೆಫ್ ನೀಡಮ್, 1956ರಲ್ಲಿ ಬಂದ ಸಂಪುಟದಲ್ಲಿ ಈ ಶಾಸ್ತ್ರವನ್ನು ಮಿಥ್ಯಾವಿಜ್ಞಾನಗಳ ಸಾಲಿನಲ್ಲೇ ಕೂರಿಸಿದರು. ಆದರೂ ಆ ದೇಶದ ಹೊಲ, ಮನೆ, ಹಳ್ಳಿಗಳು ಅಷ್ಟು ಅಂದವಾಗಿ ನೆಲಕ್ಕೆ ಹೊಂದಿಕೊಂಡಿರುವುದರಲ್ಲಿ ಇದರ ಪಾಲು ದೊಡ್ಡದೆಂದು ಒಪ್ಪಿದರು. ನನಗೂ ಆ ಎರಡು ಮಾತೂ ಸರಿಯೆಂದೇ ತೋರುತ್ತದೆ.

ಆ ಪಾಲು ಎಂತಹುದೆಂದು ಕಣ್ಣಾರೆ ಕಾಣಬೇಕಾದರೆ ಹಾಂಗ್‌ಕಾಂಗಿನ ಗಗನಚುಂಬಿಗಳನ್ನು ಬಿಟ್ಟು ಅದರ ಉತ್ತರದ ಹಳ್ಳಿಗಳ ಕಡೆಗೆ ಹೋಗಬೇಕು. ಅಲ್ಲಿ ಹಳೆಯ ಹಳ್ಳಿಗಳ ಬೆನ್ನಿಗೆ, ಗುಡ್ಡದ ಇಳಿಜಾರಿನಲ್ಲಿ, ಅರ್ಧಚಂದ್ರಾಕಾರವಾಗಿ ಒಂದೊಂದು ತೋಪು ನಿಂತಿದೆ. 'ಗಾಳಿ-ನೀರಿನ ಕಾಡು' ಎಂದೇ ಅದಕ್ಕೆ ಹೆಸರು. ಕಪ್ಪು ಆಮೆಯ ಬೆನ್ನು ಬರಿದಾಗಬಾರದೆಂದು ಹಳ್ಳಿಗರು ಅದನ್ನು ಕಡಿಯಲಿಲ್ಲ. ಅಂಚಿನಲ್ಲಿ ಬಿದಿರನ್ನೂ ಹಣ್ಣಿನ ಮರಗಳನ್ನೂ ನೆಟ್ಟರು. ಸುತ್ತಲ ಗುಡ್ಡಗಳು ಸೌದೆಗಾಗಿ ಬೋಳಾದವು; 1941ರಿಂದ 1945ರವರೆಗೆ ಜಪಾನೀಯರ ಆಕ್ರಮಣದ ಕಾಲದಲ್ಲಂತೂ ಉಳಿದ ಮರಗಳೂ ಒಲೆಗೆ ಹೋದವು. ಆದರೂ ಇಂಥ ತೋಪುಗಳಲ್ಲಿ ಎಷ್ಟೋ ಉಳಿದವು. ಅಗರುವಿನ ಜಾತಿಯ ಮರಗಳು ಇಂದಿಗೂ ಅಲ್ಲಿ ಕಾಣುತ್ತವೆ. ಇಳಿಜಾರಿನ ಮಣ್ಣು ಮಳೆಗೆ ಜಾರದಂತೆ ಬೇರುಗಳು ಹಿಡಿದುಕೊಂಡಿವೆ, ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಉತ್ತರದ ಗಾಳಿಗೆ ಮರೆ. ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಆಮೆಯ ಭಯ, ಇಲ್ಲಿ ದೇವರ ಭಯ. ಕೊಡಲಿಯನ್ನು ತಡೆದದ್ದು ಎರಡೂ ಕಡೆ ಭಯವೇ.

ಆದರೆ ಬೆಟ್ಟವೂ ನೀರೂ ನಮ್ಮ ಕೈಯಲ್ಲಿಲ್ಲದ ಪಟ್ಟಣದ ಮನೆಯಲ್ಲಿ ಈ ಶಾಸ್ತ್ರ ಏನು ಮಾಡಬೇಕು? ಈ ಪ್ರಶ್ನೆಯನ್ನು ಮೊದಲು ಎದುರಿಸಿದವರಲ್ಲಿ ಹಾಂಗ್‌ಕಾಂಗಿನವರು ಸೇರುತ್ತಾರೆ. 1949ರ ನಂತರ ಚೀನಾದ ಸರ್ಕಾರ ಇದನ್ನು ಮೂಢನಂಬಿಕೆಯೆಂದು ದೂರವಿಟ್ಟಿತು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳೆಯದೆಲ್ಲಕ್ಕೂ ಬಂದ ಗತಿಯೇ ಇದಕ್ಕೂ ಬಂತು. ಹಾಂಗ್‌ಕಾಂಗ್, ತೈವಾನ್, ಸಿಂಗಾಪುರಗಳಲ್ಲಿ ಮಾತ್ರ ಇದು ಬಹಿರಂಗವಾಗಿ ಉಳಿಯಿತು. ಹಾಂಗ್‌ಕಾಂಗಿನಲ್ಲಿ 1953ರ ಡಿಸೆಂಬರ್ 25ರ ರಾತ್ರಿ ಶೆಕ್ ಕಿಪ್ ಮೇ ಎಂಬಲ್ಲಿನ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 53,000 ಜನ ಮನೆಯಿಲ್ಲದವರಾದರು. ಅವರಿಗಾಗಿ ಸರ್ಕಾರ ಬಹುಮಹಡಿಯ ವಸತಿಗಳನ್ನು ಕಟ್ಟತೊಡಗಿತು. ಅದರಲ್ಲಿ ಒಂದು ಸಂಸಾರಕ್ಕೆ ಸಿಕ್ಕಿದ್ದು 120 ಚದರಡಿಯ ಒಂದು ಕೋಣೆ. ಐದು ಜನ ಒಂದೇ ಕೋಣೆಯಲ್ಲಿ ಮಲಗುವಾಗ ಆಮೆ ಯಾವ ಕಡೆ, ಹಕ್ಕಿ ಯಾವ ಕಡೆ ಎಂದು ಕೇಳುವುದು ಹೇಗೆ?

ಶಾಸ್ತ್ರಿಗಳು ಉಪಾಯಗಾರರು. ಎದುರಿನ ರಸ್ತೆಯನ್ನೇ ನದಿಯೆಂದರು, ಹಿಂದಿನ ಕಟ್ಟಡವನ್ನೇ ಬೆಟ್ಟವೆಂದರು. ದೊಡ್ಡ ದೊಡ್ಡ ಕಂಪನಿಗಳೂ ಅವರ ಮಾತನ್ನು ಕೇಳಿದವು. 1985ರಲ್ಲಿ ಮುಗಿದ ಹಾಂಗ್‌ಕಾಂಗ್ ಮತ್ತು ಷಾಂಘಾಯ್ ಬ್ಯಾಂಕಿನ ಕಟ್ಟಡದ ಕೆಳಗಿನ ಬಯಲಿನಿಂದ ಮೇಲಕ್ಕೊಯ್ಯುವ ಚಲಿಸುವ ಮೆಟ್ಟಿಲುಗಳು ಓರೆಯಾಗಿರುವುದು ಇವರ ಸಲಹೆಯಿಂದಲೇ ಎನ್ನುತ್ತಾರೆ. ಹತ್ತಿರದಲ್ಲೇ 1990ರಲ್ಲಿ ಬ್ಯಾಂಕ್ ಆಫ್ ಚೈನಾದ ಗೋಪುರ ಎದ್ದಾಗ, ಐ. ಎಂ. ಪೇ ರಚಿಸಿದ ಅದರ ಚೂಪು ಅಂಚುಗಳನ್ನು ಕಂಡು ಜನ ಕತ್ತಿಯೆಂದರು. ಮೊದಲಿನ ಬ್ಯಾಂಕಿನ ಮಾಳಿಗೆಯ ಮೇಲಿನ ಕ್ರೇನುಗಳನ್ನು ಅದರತ್ತ ತಿರುಗಿಸಿದ ಫಿರಂಗಿಗಳೆಂದರು. ಕಟ್ಟಡದ ಹೊರಮೈಯನ್ನು ತೊಳೆದು ನೋಡಿಕೊಳ್ಳುವ ಕ್ರೇನುಗಳವು! ಬ್ಯಾಂಕುಗಳಿಗೆ ಇದೊಂದು ವಿನೋದ. ಹತ್ತು ಚದರದ ಮನೆಯವನಿಗೆ ವಿನೋದವಾಗಿ ಉಳಿಯುವುದಿಲ್ಲ.

ಮನೆಯೊಳಗಿನ ನಿಯಮಗಳು ಹೀಗೆ ಮುಂದಕ್ಕೆ ಬಂದವು. ಹೊರಗಿನ ನೆಲವನ್ನು ನೋಡುತ್ತಿದ್ದ ಕಣ್ಣು ಮೇಜು ಮಂಚಗಳ ಕಡೆಗೆ ತಿರುಗಿತು. ಅವುಗಳಲ್ಲಿ ಕೆಲವನ್ನು ನಾನು ಸಂತೋಷವಾಗಿ ಒಪ್ಪುತ್ತೇನೆ. ಮಂಚದ ತಲೆದೆಸೆಗೆ ಗಟ್ಟಿ ಗೋಡೆ ಇರಬೇಕು. ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಕಾಲು ನೇರವಾಗಿ ಬಾಗಿಲಿಗೆ ಬರಬಾರದು ಎನ್ನುತ್ತಾರೆ. ಯಾರು ಬಂದರೆಂದು ಕಾಣುವ ಕಡೆ ನಿದ್ದೆ ಚೆನ್ನಾಗಿ ಬರುತ್ತದೆ. ಬಾಗಿಲಿನ ಗಾಳಿ ನೇರವಾಗಿ ಮೈಮೇಲೆ ಬೀಸಿದರೆ ಬರುವುದಿಲ್ಲ. ಅಡಿಗೆ ಮಾಡುವವರ ಬೆನ್ನು ಬಾಗಿಲ ಕಡೆಗಿರಬಾರದು ಎನ್ನುತ್ತಾರೆ. ಕಾದ ಎಣ್ಣೆಯ ಬಾಣಲೆ ಮುಂದಿಟ್ಟುಕೊಂಡಿರುವಾಗ ಹಿಂದಿನಿಂದ ಮಗು ಓಡಿಬಂದು ಸೆರಗು ಹಿಡಿದದ್ದನ್ನು ಅನುಭವಿಸಿದ ತಾಯಂದಿರಿಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಲಗುವ ಜಾಗದ ಮೇಲೆ ತೊಲೆ ಬೇಡ ಎಂಬುದೂ ಇರಲಿ, ಅದರಿಂದ ನಷ್ಟವೇನಿಲ್ಲ. ಆದರೆ ನಾಲ್ಕು ಎಂಬ ಶಬ್ದ ಚೀನೀ ನುಡಿಯಲ್ಲಿ ಸಾವು ಎಂಬ ಶಬ್ದದಂತೆ ಕೇಳುತ್ತದೆಂದು ನಾಲ್ಕನೆಯ ಮಹಡಿಯ ಸಂಖ್ಯೆಯನ್ನೇ ಹಾರಿಸುವುದಿದೆಯಲ್ಲ, ಅದು ಆ ನುಡಿಯವರ ಭಯ; ಕನ್ನಡದ ನಾಲ್ಕು ಯಾವ ಪಾಪವನ್ನೂ ಮಾಡಿಲ್ಲ.

'ಧನದ ಮೂಲೆ', 'ವಿವಾಹದ ಮೂಲೆ' ಎಂದು ನಮ್ಮಲ್ಲಿ ಕೇಳಿಬರುವುದು ಇನ್ನೂ ಈಚಿನದು. ಬೀಜಿಂಗಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೋಧಿಸಿ, 2010ರಲ್ಲಿ ತೀರಿಕೊಂಡ ಲಿನ್ ಯುನ್ ಎಂಬುವರು ಕಪ್ಪು ಟೋಪಿಯ ಪಂಥವೆಂಬ ಒಂದು ದಾರಿಯನ್ನು ಬಳಕೆಗೆ ತಂದರು. ಅದರಲ್ಲಿ ದಿಕ್ಸೂಚಿಯ ಗೊಡವೆಯೇ ಇಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ದೂರದ ಎಡಮೂಲೆ ಹಣಕ್ಕೆ, ದೂರದ ಬಲಮೂಲೆ ದಾಂಪತ್ಯಕ್ಕೆ. ಯಾವ ದೇಶದ ಯಾವ ಮನೆಗಾದರೂ ಹೊಂದುವ ಅಂಗಿ! ಪುಸ್ತಕಗಳ ಮೂಲಕ ಲೋಕವನ್ನೆಲ್ಲ ಸುತ್ತಿ ನಮ್ಮಲ್ಲಿಗೂ ಬಂತು. ಅದರ ಹಿಂದೆ ಸಾಮಾನುಗಳೂ ಬಂದವು. ಆ ನಗುವ ಬುದ್ಧ ನಮ್ಮ ಗೌತಮ ಬುದ್ಧನಲ್ಲ. 10ನೆಯ ಶತಮಾನದ ಆರಂಭದ ತನಕ ಬದುಕಿದ್ದನೆನ್ನುವ 'ಬುಡಾಯ್' ಎಂಬ ಸನ್ಯಾಸಿ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ತಿರುಗುತ್ತಿದ್ದವನು. ಮುಂದೆ ಬರುವ ಮೈತ್ರೇಯ ಬುದ್ಧನೇ ಅವನೆಂದು ಚೀನೀಯರ ನಂಬಿಕೆ. ಇನ್ನು ಆ ಅದೃಷ್ಟದ ಬಿದಿರು ಬಿದಿರೇ ಅಲ್ಲ. ಅದು ಡ್ರಸೀನ ಎಂಬ ಜಾತಿಯ ಗಿಡ, ತವರು ಆಫ್ರಿಕ. ನೋಡಲು ಹಸಿರಾಗಿದೆ, ಇಟ್ಟುಕೊಳ್ಳಿ. ವಾರಕ್ಕೊಮ್ಮೆ ನೀರು ಬದಲಿಸಿರಿ, ಇಲ್ಲವಾದರೆ ಅದರಲ್ಲಿ ಸೊಳ್ಳೆ ಮರಿಮಾಡುತ್ತದೆ.

ಸಾಮಾನಿನಿಂದ ಬರುವ ನಷ್ಟ ನೂರಿನ್ನೂರು ರೂಪಾಯಿ. ನನಗೆ ಚಿಂತೆ ಅದಲ್ಲ. ನನ್ನ ಪರಿಚಯದ ಒಂದು ಸಂಸಾರ ಬೆಂಗಳೂರಿನಲ್ಲಿ ಮೂರನೆಯ ಮಹಡಿಯ ಫ್ಲ್ಯಾಟೊಂದನ್ನು ಸಾಲ ಮಾಡಿ ಕೊಂಡಿತು. ಮುಂಬಾಗಿಲು ತೆರೆದರೆ ನೇರವಾಗಿ ಎದುರಿಗೆ ಬಾಲ್ಕನಿಯ ಬಾಗಿಲು. ಸಲಹೆಗಾರರೊಬ್ಬರು ಬಂದು, ಒಳಗೆ ಬಂದ ಸಂಪತ್ತು ಹಾಗೆಯೇ ಹೊರಟುಹೋಗುತ್ತಿದೆ ಎಂದರು. ಅವರ ಮಾತಿನಂತೆ ನಡುವೆ ಆಳೆತ್ತರದ ಬೀರು ನಿಂತಿತು, ಬಾಲ್ಕನಿಯ ಬಾಗಿಲಿಗೆ ಅಗುಳಿ ಬಿತ್ತು. ಮಳೆಗಾಲ ಬಂದಾಗ ಒಳಗೋಡೆಯ ಮೇಲೆ ಕಪ್ಪು ಬೂಷ್ಟು ಹಿಡಿಯಿತು. ಮನೆಯ ಅಜ್ಜಿಗೆ ಮೊದಲೇ ಇದ್ದ ಉಬ್ಬಸ ಜಾಸ್ತಿಯಾಯಿತು. ಆಕೆ ಒಂದು ಸಂಜೆ ಮಗನನ್ನು ಕರೆದು, "ಲಕ್ಷ್ಮಿ ಹೊರಗೆ ಹೋಗಬಾರದು ಅಂತ ಗಾಳಿಗೂ ಬಾಗಿಲು ಹಾಕಿಬಿಟ್ಟೆಯಲ್ಲೋ ಮಗು" ಎಂದರಂತೆ. ಬೀರು ಮರುದಿನವೇ ಜಾಗ ಬಿಟ್ಟಿತು. ಸಲಹೆಗೆ ಕೊಟ್ಟ ಹಣ ಹಿಂದಕ್ಕೆ ಬರಲಿಲ್ಲ.

ಆ ಸಲಹೆ ಸುಳ್ಳು ಎನ್ನುವುದಕ್ಕಿಂತ, ಬೇರೆ ಊರಿನದು ಎಂದರೆ ಸರಿಯಾದೀತು. ಚಳಿಗಾಳಿಯ ಬೀಜಿಂಗಿನಲ್ಲಿ ಬಾಗಿಲ ಎದುರು ಅಡ್ಡಗೋಡೆ ಕಟ್ಟಿದವರು ಪಿಶಾಚಿಯನ್ನು ತಡೆಯಲು ಕಟ್ಟಿದರೋ, ದಾರಿಹೋಕರ ಕಣ್ಣನ್ನು ತಡೆಯಲು ಕಟ್ಟಿದರೋ, ಅಂತೂ ಗಾಳಿಯೂ ಅಲ್ಲಿ ತಡೆಯಿತು. ಅವರಿಗೆ ಅದು ಬೇಕಾಗಿತ್ತು. ನಮ್ಮ ಹಳೆಯ ಮನೆಗಳನ್ನು ನೆನಪು ಮಾಡಿಕೊಳ್ಳಿ. ಜಗುಲಿಯಲ್ಲಿ ಕುಳಿತರೆ ಮುಂಬಾಗಿಲು, ನಡುಮನೆಯ ಬಾಗಿಲು, ಹಿತ್ತಲ ಬಾಗಿಲು ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತಿದ್ದ ಮನೆಗಳು ಎಷ್ಟಿದ್ದವು! ಸೆಕೆಯ ನಾಡಿನಲ್ಲಿ ಗಾಳಿ ಈ ಕಡೆ ಹೊಕ್ಕು ಆ ಕಡೆ ಹೊರಡಬೇಕು. ದಕ್ಷಿಣಮುಖದ ವಿಷಯವೂ ಹಾಗೆಯೇ. ಬೆಂಗಳೂರು 13ನೆಯ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲೂ ನಡುಹಗಲ ಸೂರ್ಯ 54 ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಲ್ಲಿ ಅವನು ನಮ್ಮ ತಲೆಯಿಂದ ಉತ್ತರಕ್ಕೇ ಇರುತ್ತಾನೆ. ನಮ್ಮ ಮನೆಗಳನ್ನು ಸುಡುವುದು ಪಶ್ಚಿಮದ ಗೋಡೆ, ಸಂಜೆಯ ಬಿಸಿಲು. ಅಲ್ಲದೆ ನಮ್ಮ ವಾಸ್ತುವಿಗೆ ದಕ್ಷಿಣ ಯಮನ ದಿಕ್ಕು, ಬಾಗಿಲಿಗೆ ಬೇಡ. ಚೀನೀಯರಿಗೆ ದಕ್ಷಿಣವೇ ಶ್ರೇಷ್ಠ. ಎರಡು ಶಾಸ್ತ್ರವನ್ನೂ ಒಟ್ಟಿಗೆ ನಂಬಿದವನಿಗೆ ಬಾಗಿಲಿಡಲು ದಿಕ್ಕೇ ತೋಚದು.

ಆದ್ದರಿಂದ ಅವರ ಉತ್ತರವನ್ನು ನಕಲು ಮಾಡಬೇಡಿರಿ, ಅವರ ಪ್ರಶ್ನೆಯನ್ನು ಕೇಳಿರಿ. ಈ ಜಾಗದಲ್ಲಿ ಗಾಳಿ ಯಾವ ತಿಂಗಳು ಎಲ್ಲಿಂದ ಬರುತ್ತದೆ? ಮಳೆಯ ನೀರು ಎಲ್ಲಿ ನಿಲ್ಲುತ್ತದೆ? ನಮ್ಮ ಬಯಲುಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಕಡೆಯ ಗಾಳಿ, ಚಳಿಗಾಲದಲ್ಲಿ ಪೂರ್ವದ ಕಡೆಯದು. ಬೀರು, ಪುಸ್ತಕದ ಕಪಾಟುಗಳನ್ನು ಪಶ್ಚಿಮದ ಗೋಡೆಗೆ ಒರಗಿಸಿದರೆ ಸಂಜೆಯ ಕಾವು ಮಂಚಕ್ಕೆ ಬಡಿಯುವುದು ಕಡಿಮೆಯಾಗುತ್ತದೆ; ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟರೆ ತೇವವೂ ಹಿಡಿಯದು. ಸೈಟು ಕೊಳ್ಳುವವರು ಬಿಸಿಲಿನ ದಿನ ಹೋಗಿ ನೋಡುವುದಕ್ಕಿಂತ ಜೋರು ಮಳೆ ಬಂದ ಮರುದಿನ ಹೋಗಿ ನೋಡಲಿ. ಹಳೆಯ ಕೆರೆಯಂಗಳವೋ ರಾಜಕಾಲುವೆಯ ದಂಡೆಯೋ ಆಗಿದ್ದರೆ ನೆಲವೇ ಹೇಳಿಬಿಡುತ್ತದೆ. ಇದಕ್ಕಿಂತ ದೊಡ್ಡ ಗಾಳಿ-ನೀರಿನ ಪರೀಕ್ಷೆ ಗುವೊ ಪುವಿಗೂ ಗೊತ್ತಿರಲಾರದು.

ಈಗಾಗಲೇ ಮನೆ ಇದ್ದವರಿಗೆ ಒಂದು ಸುಲಭದ ಕೆಲಸ ಹೇಳುತ್ತೇನೆ. ನಾಳೆ ಪೂಜೆಗೆ ಹಚ್ಚುವ ಊದುಬತ್ತಿಯ ಜೊತೆಗೆ ಇನ್ನೊಂದನ್ನು ಹಚ್ಚಿಕೊಳ್ಳಿ. ಫ್ಯಾನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ತೆರೆದು, ಅದನ್ನು ಹಿಡಿದುಕೊಂಡು ಮನೆಯಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ. ಮುಂಬಾಗಿಲಲ್ಲಿ, ಒಲೆಯ ಪಕ್ಕದಲ್ಲಿ, ಮಂಚದ ತಲೆದೆಸೆಯಲ್ಲಿ ಒಂದೊಂದು ಕ್ಷಣ ನಿಂತು ಹೊಗೆ ಎತ್ತ ಹೋಗುತ್ತದೆಂದು ನೋಡಿ. ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ನೋಡಿ, ದಾರಿ ಬದಲಾಗಿರಬಹುದು. ಒಲೆಯ ಹೊಗೆ ಮಲಗುವ ಕೋಣೆಯತ್ತ ತಿರುಗುತ್ತಿದ್ದರೆ ಅಡಿಗೆಮನೆಯ ಯಾವ ಕಿಟಕಿ ಮುಚ್ಚಿಹೋಗಿದೆಯೆಂದು ಹುಡುಕಿ. ಬಹುಶಃ ಅದರ ಮುಂದೆ ಡಬ್ಬಿಗಳ ಸಾಲು ಇದ್ದೀತು. ಮಂಚದ ಬಳಿ ಹೊಗೆ ಅಲುಗಾಡದೆ ನಿಂತೇಬಿಟ್ಟರೆ ಯಾರನ್ನೂ ಕರೆಸಬೇಕಾಗಿಲ್ಲ. ಮಂಚವನ್ನು ಕಿಟಕಿಯ ಕಡೆಗೆ ಎರಡು ಅಡಿ ಸರಿಸಲು ಮನೆಯವರೇ ಇಬ್ಬರು ಸಾಕು.